ದ್ರಾಕ್ಷಿ ಬೆಳೆದವರಿಗೆ ಅಂಗಡಿ ಹಾಕಿಕೊಟ್ಟ ಮರೀಗೌಡರು

ಮುರಗೋಡ: ನಮ್ಮ ಕಡೆ ಸಂತಿ ಅಂದ್ರ ಬರೀ ವ್ಯಾಪಾರ ಅಲ್ಲ, ಅದು ವಾರದ ಲೆಕ್ಕ. ಹಳ್ಳಿಯಿಂದ ಬುಟ್ಟಿ ಹೊತ್ತು ಬಂದ ಹೆಣ್ಣುಮಗಳು ಮೆಂತೆ, ರಾಜಗಿರಿ, ಹಸಿಮೆಣಸಿನಕಾಯಿ, ಬದನಿಕಾಯಿ ಗುಂಪು ಹಾಕಿ ಕೂಡ್ತಾಳ. ತಗೊಳ್ಳೋರು ಎದುರಿಗೇ ಇರ್ತಾರ. ಕಾಯಿಪಲ್ಯೆ ಚಲೋ ಇದ್ರ ಅಲ್ಲೇ ಮೆಚ್ಚುಗೆ, ಹುಳ ಬಿದ್ದಿದ್ರ ಅಲ್ಲೇ ಜಗಳ. ಬೆಳೆದವರಿಗೂ ಉಣ್ಣೋರಿಗೂ ನಡುವೆ ಒಂದು ತಕ್ಕಡಿ ಬಿಟ್ಟರ ಬೇರೆ ಏನೂ ಇಲ್ಲ.

ಆದರೆ ಬೆಳೆ ಒಂದು ಬುಟ್ಟಿಯಿಂದ ಒಂದು ಟೆಂಪೋಕ್ಕೆ ಏರಿದ ಕೂಡಲೇ ಕಥೆ ಬದಲಾಗುತ್ತದೆ. ಎಕರೆ ಟೊಮ್ಯಾಟೊ ಹಚ್ಚಿದ ರೈತ ಅದನ್ನ ಸಂತಿಯೊಳಗ ಕುಂತು ಮಾರಲಿಕ್ಕೆ ಆಗೋದಿಲ್ಲ. ಬೆಳಗಾವಿ ಮಾರ್ಕೆಟ್ಟಿಗೆ ಕಳಿಸಬೇಕು. ಅಲ್ಲಿ ಅಡತಿ, ಹಮಾಲಿ, ಬಾಡಿಗೆ, ಸೂಟ್. ಎಷ್ಟೋ ಸಲ ನಮ್ಮದೇ ಹೊಲದ ಮಾಲು ಅಲ್ಲಿ ಹೋಗಿ, ಮತ್ತೊಬ್ಬರ ಗಾಡಿಯಲ್ಲಿ ತಿರುಗಿ ನಮ್ಮದೇ ಊರಿನ ಅಂಗಡಿಗೆ ಬರುತ್ತದೆ. ಭಾರತೀಯ ರಿಸರ್ವ್ ಬ್ಯಾಂಕಿನ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗ್ರಾಹಕ ಟೊಮ್ಯಾಟೊಗೆ ಕೊಡುವ 100 ರೂಪಾಯಿಯಲ್ಲಿ ರೈತನ ಕೈಗೆ ಬರೋದು ಸುಮಾರು 33 ರೂಪಾಯಿ. ಉಳ್ಳಾಗಡ್ಡಿಗೆ 36, ಆಲೂಗಡ್ಡೆಗೆ 37.

ಈ ಲೆಕ್ಕ ಇವತ್ತಿನದಲ್ಲ. ಅರವತ್ತು ವರ್ಷಕ್ಕೂ ಹಿಂದೆ ಇದೇ ಲೆಕ್ಕದ ಮುಂದೆ ಕುಂತು, ಸಸಿ ಕೊಟ್ಟರ ಸಾಲದು, ಮಾರಲಿಕ್ಕೆ ಅಂಗಡಿನೂ ಬೇಕು ಅಂತ ತಿಳಿದ ಒಬ್ಬ ಸರಕಾರಿ ಅಧಿಕಾರಿ ಇದ್ದರು. ಅವರು ಡಾ. ಎಂ.ಎಚ್. ಮರೀಗೌಡ. ಬೆಂಗಳೂರಿನ ಲಾಲ್‌ಬಾಗ್ ಅಂದಾಗ ಹೂವಿನ ಪ್ರದರ್ಶನ ನೆನಪಾಗುವವರಿಗೆ ಅವರ ಹೆಸರು ಗೊತ್ತು. ಹಾಪ್‌ಕಾಮ್ಸ್ ಅಂಗಡಿಯಲ್ಲಿ ಹಣ್ಣು ಕೊಂಡವರಿಗೆ ಅವರ ಹೆಸರು ಗೊತ್ತಿಲ್ಲದೇ ಇರಬಹುದು, ಆದರೆ ಅವರ ಕೆಲಸ ಗೊತ್ತಿದೆ. ಅವರು ಹುಟ್ಟಿದ ಆಗಸ್ಟ್ 8ನ್ನು ರಾಜ್ಯದಲ್ಲಿ ತೋಟಗಾರಿಕೆ ದಿನ ಅಂತ ಆಚರಿಸುತ್ತಾರೆ. ಆ ಹೆಸರಿನ ಹಿಂದಿನ ಬದುಕು ಏನು ಅನ್ನೋದನ್ನ ನಮ್ಮ ಊರಿನ ರೈತರೂ ಅಂಗಡಿಕಾರರೂ ಒಮ್ಮೆ ನೋಡಬೇಕು.

ಬನ್ನೂರು ಸೀಮೆಯ ಒಕ್ಕಲು ಮನೆತನ

ಮರೀಗೌಡರು ಹುಟ್ಟಿದ್ದು 1916ರಲ್ಲಿ, ಮೈಸೂರು ಜಿಲ್ಲೆ ತಿರುಮಕೂಡಲು ನರಸೀಪುರ ತಾಲೂಕಿನ ಬನ್ನೂರು ಹತ್ತಿರದ ಮಾರಗೌಡನಹಳ್ಳಿಯಲ್ಲಿ. ಕಾವೇರಿ ದಂಡೆಯ ಸೀಮೆ ಅದು. ಬನ್ನೂರು ಅಂದ್ರ ಕುರಿಗೆ ಹೆಸರುವಾಸಿ, ನೀರು ಇದ್ದಲ್ಲಿ ಭತ್ತ, ಇಲ್ಲದಲ್ಲಿ ರಾಗಿ. ನಮ್ಮ ಎರಿ ಹೊಲದ ಬಿಳಿಜೋಳ, ಕಡ್ಲಿ, ಹತ್ತಿಯ ಲೋಕಕ್ಕಿಂತ ಅದು ಬೇರೆ. ಆದರೆ ಒಕ್ಕಲುತನದ ಮನೆಯ ಚಿಂತೆ ಎಲ್ಲಾ ಕಡೆ ಒಂದೇ: ಮಳೆ ಆದೀತೋ ಇಲ್ಲೋ, ಬೆಳೆದದ್ದಕ್ಕೆ ಯಾರು ಎಷ್ಟು ಕೊಟ್ಟಾರು.

ಆ ಕಾಲಕ್ಕೆ ಹಳ್ಳಿಯ ಹುಡುಗ ಶಾಲೆ ಮುಗಿಸಿ ಕಾಲೇಜು ಹತ್ತೋದೇ ದೊಡ್ಡ ಮಾತು. ಮರೀಗೌಡರು ಅಷ್ಟಕ್ಕೇ ನಿಲ್ಲಲಿಲ್ಲ. ಸಸ್ಯಶಾಸ್ತ್ರ ಹಿಡಿದು, ಲಖನೌ ವಿಶ್ವವಿದ್ಯಾಲಯದ ತನಕ ಹೋಗಿ ಎಂ.ಎಸ್ಸಿ. ಮುಗಿಸಿ ಬಂದರು. ಓದಿದ ಹುಡುಗ ವಕೀಲಿಯನ್ನೋ ಕಚೇರಿಯ ಕುರ್ಚಿಯನ್ನೋ ಹುಡುಕುವ ಕಾಲದಲ್ಲಿ ಇವರು ತಿರುಗಿ ಮಣ್ಣಿನ ಕೆಲಸಕ್ಕೇ ಬಂದರು. 1942ರಲ್ಲಿ ಮೈಸೂರು ಸಂಸ್ಥಾನದ ಸರಕಾರಿ ತೋಟಗಳ ಇಲಾಖೆ ಸೇರಿದರು. ಆಗ ಅವರಿಗೆ 26 ವರ್ಷ.

ಲಾಲ್‌ಬಾಗಿನ ಮಣ್ಣು

ಲಾಲ್‌ಬಾಗ್ ಹೈದರಾಲಿ 1760ರ ಸುಮಾರಿಗೆ ಹಾಕಿಸಿದ ತೋಟ. ಆಮೇಲೆ ಬ್ರಿಟಿಷರ ಕಾಲಕ್ಕೆ ಅದು ಗಿಡಗಳ ಪ್ರಯೋಗಶಾಲೆ ಆಯಿತು. ನಾವು ಇವತ್ತು ಮಾರ್ಕೆಟ್ಟಿನೊಳಗ ನೋಡುವ ಎಷ್ಟೋ ಪರದೇಶದ ಕಾಯಿಪಲ್ಯೆ ಈ ನಾಡಿಗೆ ಕಾಲಿಟ್ಟಿದ್ದು ಇಂಥ ತೋಟಗಳ ದಾರಿಯಿಂದ. ಸೀಮೆಬದನೆಗೆ ತೆಲುಗು ನಾಡಿನಲ್ಲಿ ಬೆಂಗಳೂರು ಬದನೆ ಅಂತ ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಜರ್ಮನಿಯ ಕೃಂಬಿಗಲ್, ಅವರ ನಂತರ ಎಚ್.ಸಿ. ಜವರಾಯ, ಹೀಗೆ ಗಿಡ ಬಲ್ಲವರ ಒಂದು ಸಾಲೇ ಅಲ್ಲಿ ಕೆಲಸ ಮಾಡಿತ್ತು. ಆ ಸಾಲಿಗೆ ಮರೀಗೌಡರು ಸೇರಿದರು.

1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ, ಅವರು ಇಂಗ್ಲೆಂಡಿನ ಕ್ಯೂ ತೋಟಕ್ಕೆ ತರಬೇತಿಗೆ ಹೋದರು. ಅಲ್ಲಿಂದ ಅಮೆರಿಕಕ್ಕೆ ಹೋಗಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದರು. ಹಾರ್ವರ್ಡ್ ಡಾಕ್ಟರೇಟ್ ಕೈಯಲ್ಲಿದ್ದವರಿಗೆ ಅಲ್ಲೇ ಉಳಿಯೋದು ಕಷ್ಟ ಏನೂ ಇರಲಿಲ್ಲ. ಅವರು ತಿರುಗಿ ಬಂದು 1951ರಲ್ಲಿ ಲಾಲ್‌ಬಾಗಿನ ಸೂಪರಿಂಟೆಂಡೆಂಟ್ ಆದರು.

ಅವರ ಕಾಲದಲ್ಲಿ ಲಾಲ್‌ಬಾಗ್ ಬೆಳೆದು ಇವತ್ತಿನ 240 ಎಕರೆ ವಿಸ್ತಾರಕ್ಕೆ ಬಂತು. ಸುತ್ತಲೂ ಊರು ಬೆಳೀತಾ, ಜಾಗಕ್ಕೆ ಬೆಲೆ ಏರ್ತಾ ಇದ್ದ ದಿನಗಳಲ್ಲಿ ಒಂದು ತೋಟ ಕುಗ್ಗದೇ ಹಿಗ್ಗಿತು ಅನ್ನೋದು ಸಣ್ಣ ಮಾತಲ್ಲ. ಇವತ್ತು ಬೆಂಗಳೂರಿಗೆ ಹೋದ ನಮ್ಮ ಮಂದಿ ಮಕ್ಕಳನ್ನ ಕರ್ಕೊಂಡು ಅಡ್ಡಾಡುವ ಆ ನೆರಳಿನಲ್ಲಿ ಅವರ ದುಡಿಮೆಯ ಪಾಲಿದೆ.

ಮೊದಲು ಅಗಿ, ಆಮೇಲೆ ಮಾತು

ತೋಟ ಮಾಡೋ ರೈತನಿಗೆ ಮೊದಲ ಸಂಕಟ ಯಾವುದು? ನೀರಲ್ಲ, ಗೊಬ್ಬರವೂ ಅಲ್ಲ. ಚಲೋ ಸಸಿ. ಜೋಳ, ಹತ್ತಿ ಆದರೆ ಒಂದು ಹಂಗಾಮು ಕೆಟ್ಟರೆ ಮುಂದಿನ ವರ್ಷ ಬೀಜ ಬದಲಿಸಬಹುದು. ಮಾವಿನ ಸಸಿ ಕೆಟ್ಟದ್ದು ಬಂದರೆ ಅದು ಗೊತ್ತಾಗೋದೇ ಐದಾರು ವರ್ಷದ ಮ್ಯಾಲೆ, ಗಿಡ ಕಾಯಿ ಬಿಟ್ಟಾಗ. ಅಷ್ಟರೊಳಗ ರೈತನ ಆರು ವರ್ಷದ ದುಡಿಮೆ, ನೀರು, ಜಾಗ ಎಲ್ಲಾ ಹೋಗಿರುತ್ತದೆ. ಆಪೂಸ್ ಅಂತ ಹೇಳಿ ಯಾವುದೋ ಗೊಟ್ಟದ ಗಿಡ ಕೊಟ್ಟರೆ ಮಾರಿದವನನ್ನ ಎಲ್ಲಿ ಹುಡುಕೋದು?

ಮರೀಗೌಡರು ಹಿಡಿದ ಮೊದಲ ದಾರಿ ಇದು. ರಾಜ್ಯದ ತುಂಬ ಸರಕಾರಿ ತೋಟಗಾರಿಕೆ ಕ್ಷೇತ್ರ ಮತ್ತು ನರ್ಸರಿಗಳನ್ನ ಕಟ್ಟುವುದು. ಅವರ ಕಾಲದಲ್ಲಿ ಇಂಥ ಕ್ಷೇತ್ರಗಳು ಮುನ್ನೂರಕ್ಕೂ ಹೆಚ್ಚಾದವು. ಅಲ್ಲಿ ತಾಯಿಗಿಡ ಇರುತ್ತದೆ, ಅದರ ಕಸಿಯಿಂದ ಸಸಿ ತಯಾರಾಗುತ್ತದೆ. ರೈತ ಬೇಕಾದರೆ ಹೋಗಿ ತಾಯಿಗಿಡವನ್ನೇ ನೋಡಿ, ಅದರ ಕಾಯಿ ತಿಂದು, ನಂಬಿಕೆ ಆದರೆ ಸಸಿ ಒಯ್ಯಬಹುದು. ಹಳ್ಳಿ ಮನುಷ್ಯಾ ಕಾಗದದ ಮ್ಯಾಲಿನ ಹೆಸರು ನಂಬೋದಿಲ್ಲ, ಕಣ್ಣಿಗೆ ಕಂಡ ಗಿಡ ನಂಬ್ತಾನ.

ಎರಡನೆಯದು, ಒಣ ಬೇಸಾಯದ ಹೊಲಕ್ಕೆ ಹಣ್ಣಿನ ಗಿಡ. ತೋಟ ಅಂದ್ರ ನೀರಾವರಿ ಇದ್ದವರದು ಅನ್ನೋ ಮಾತು ಆಗ ಗಟ್ಟಿಯಾಗಿತ್ತು. ಮಾವು, ಸಪೋಟ, ಪೇರಲ, ಸೀತಾಫಲದಂಥ ಗಿಡ ಮೊದಲ ಎರಡು ಮೂರು ವರ್ಷ ಬೇಸಿಗೆಯಲ್ಲಿ ಕೊಡ ನೀರು ಹಾಕಿ ಉಳಿಸಿಕೊಂಡರೆ ಆಮೇಲೆ ಬೇರು ಆಳಕ್ಕಿಳಿದು ಮಳೆಯ ಮ್ಯಾಲೇ ಬದುಕುತ್ತವೆ. ಸಾಲುಗಳ ನಡುವೆ ರಾಗಿ, ಹುರಳಿ, ಶೇಂಗಾ ಬಿತ್ತಬಹುದು. ಒಂದು ವರ್ಷ ಮಳೆ ಕೈಕೊಟ್ಟರೂ ಗಿಡ ನಿಂತಿರುತ್ತದೆ. ಮಳೆಯಾಶ್ರಿತ ತೋಟಗಾರಿಕೆ ಅಂತ ಇವತ್ತು ಇಲಾಖೆ ಹೇಳೋದನ್ನ ರೈತರ ಹೊಲಕ್ಕೆ ಮುಟ್ಟಿಸಿದವರಲ್ಲಿ ಮರೀಗೌಡರ ಹೆಸರು ಮೊದಲು ಬರುತ್ತದೆ.

ದ್ರಾಕ್ಷಿಯ ಸಂಕಟ

ಸಸಿ ಕೊಟ್ಟದ್ದಾಯಿತು, ಗಿಡ ಬೆಳೀತು. ಆಗ ಎದುರಾಯಿತು ಎರಡನೇ ಸಂಕಟ.

ಬೆಂಗಳೂರಿನ ಸುತ್ತಮುತ್ತ, ದೇವನಹಳ್ಳಿ ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ಬೆಳೆಯುವ ಒಕ್ಕಲು ಮನೆಗಳಿದ್ದವು. ಕಪ್ಪು ಬಣ್ಣದ ಬೆಂಗಳೂರು ನೀಲಿ ದ್ರಾಕ್ಷಿ ಆ ಸೀಮೆಯ ಹಳೇ ತಳಿ. ದ್ರಾಕ್ಷಿಯ ಗುಣ ಏನಂದ್ರ, ಅದು ಬಲು ಖರ್ಚಿನ ಬೆಳೆ. ಚಪ್ಪರಕ್ಕೆ ಕಲ್ಲಿನ ಕಂಬ, ತಂತಿ, ಔಷಧಿ, ಚಾಟನಿ. ಮನೆಮಂದಿ ಎಲ್ಲಾ ಬಳ್ಳಿ ಕೆಳಗೇ ದುಡಿಯಬೇಕು. ಇಷ್ಟು ಮಾಡಿದ ಮ್ಯಾಲೆ ಹಣ್ಣು ಮಾತ್ರ ಎಲ್ಲರ ತೋಟದಲ್ಲೂ ಒಂದೇ ಕಾಲಕ್ಕೆ ಮಾಗುತ್ತದೆ. ಮಾಗಿದ ಮ್ಯಾಲೆ ಕಾಯೋದಿಲ್ಲ. ಜೋಳ ಆದರೆ ಹಗೇವಿನೊಳಗ ಹಾಕಿ ಬೆಲೆ ಬರೋ ತನಕ ಇಡಬಹುದು. ಹತ್ತಿ ಆದರೆ ಅಂಡಿಗೆ ಕಟ್ಟಿ ಮನೆಯಾಗ ಇಡಬಹುದು. ದ್ರಾಕ್ಷಿ ಇವತ್ತು ಕೊಯ್ದರೆ ನಾಳೆಗೆ ಬಾಡುತ್ತದೆ.

ಇದು ವ್ಯಾಪಾರಿಗೂ ಗೊತ್ತು, ರೈತನಿಗೂ ಗೊತ್ತು. ಹಿಂಗಾಗಿ ಬೆಲೆ ಹೇಳುವ ಬಾಯಿ ಒಂದೇ ಆಗುತ್ತದೆ. ಟವಲ್ ಕೆಳಗ ಬೆರಳು ಹಿಡಿದು ಮಾಡುವ ವ್ಯವಹಾರ, ತೂಕದಲ್ಲಿ ಕಡತ, ಚಿಲ್ಲರೆ ಹಿಡಿತ, ರೊಕ್ಕ ಮುಂದಿನ ವಾರ. ಎದುರು ಮಾತಾಡಿದರೆ ಮಾಲು ಹಂಗೇ ಬಿದ್ದಿರುತ್ತದೆ. ಅದೇ ಹೊತ್ತಿಗೆ ಪಟ್ಟಣದ ಗ್ರಾಹಕ ಅದೇ ದ್ರಾಕ್ಷಿಗೆ ದುಬಾರಿ ರೊಕ್ಕ ಕೊಟ್ಟು, ಕೆಳಗಿನ ಪದರದಲ್ಲಿ ಉದುರಿದ ಹಣ್ಣು ತಗೊಂಡು ಮನೆಗೆ ಹೋಗ್ತಿದ್ದ. ಬೆಳೆದವನಿಗೂ ಸಮಾಧಾನ ಇಲ್ಲ, ತಿಂದವನಿಗೂ ಇಲ್ಲ.

ಇಲ್ಲಿ ಮರೀಗೌಡರು ಇಲಾಖೆಯ ಗೆರೆ ದಾಟಿದರು ಅನ್ನಬಹುದು. ತೋಟದ ಅಧಿಕಾರಿಯ ಕೆಲಸ ಗಿಡಕ್ಕೆ ಮುಗೀತು, ಮಾರೋದು ಬೆಳೆದವರ ಹಣೆಬರಹ ಅಂತ ಅವರು ಬಿಡಲಿಲ್ಲ.

1959ರ ಸಂಘ

1959ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಮಾರಾಟ ಮತ್ತು ಸಂಸ್ಕರಣ ಸಂಘ ಶುರುವಾಯಿತು. ಅದರ ಹಿಂದಿನ ಶಕ್ತಿ ಮರೀಗೌಡರು. ಸಂಘದ ನೆಲೆ ಲಾಲ್‌ಬಾಗ್.

ಸಹಕಾರ ಅನ್ನೋದು ನಮ್ಮ ಕಡೆಯವರಿಗೆ ಹೊಸದಲ್ಲ. ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿ ದೇಶಕ್ಕೇ ದಾರಿ ತೋರಿಸಿದ್ದರು. ಅಲ್ಲಿಂದ ಹಬ್ಬಿದ ಪತ್ತಿನ ಸಂಘಗಳು ಇವತ್ತು ನಮ್ಮ ಹಳ್ಳಿ ಹಳ್ಳಿಯಲ್ಲಿ ಸೊಸಾಯ್ಟಿ ಅನ್ನೋ ಹೆಸರಿನಿಂದ ಇವೆ. ಆದರೆ ಪತ್ತಿನ ಸಂಘ ಸಾಲದ ಕೆಲಸ ಮಾಡುತ್ತದೆ, ಬಿತ್ತುವ ಮುಂಚೆ ರೈತನ ಕೈಹಿಡಿಯುತ್ತದೆ. ಕೊಯ್ದ ಮ್ಯಾಲೆ ಕೈಹಿಡಿಯೋರು ಬೇಕಲ್ಲ? ಮರೀಗೌಡರು ಕಟ್ಟಿದ್ದು ಆ ಎರಡನೇ ಕೈ.

ಸಂಘ ನಡೆಯುವ ರೀತಿ ಸರಳ. ಬೆಳೆಗಾರರೇ ಸದಸ್ಯರು. ಅವರು ಮಾಲು ಸಂಘದ ಖರೀದಿ ಕೇಂದ್ರಕ್ಕೆ ತರುತ್ತಾರೆ. ಅಲ್ಲಿ ಎಲ್ಲರ ಎದುರು ತೂಕ. ಸಗಟು ಮಾರುಕಟ್ಟೆಯ ಅಂದಂದಿನ ಧಾರಣೆ ನೋಡಿ ಸಂಘವೇ ಖರೀದಿ ಬೆಲೆ ಗೊತ್ತು ಮಾಡುತ್ತದೆ. ಅಡತಿ ಇಲ್ಲ, ಟವಲ್ ಕೆಳಗಿನ ಬೆರಳಿಲ್ಲ. ಅಲ್ಲಿಂದ ಮಾಲು ಸಂಘದ ಗಾಡಿಯಲ್ಲಿ ಪಟ್ಟಣದ ಮಳಿಗೆಗಳಿಗೆ ಹೋಗುತ್ತದೆ. ಸಾಗಣೆ, ಸಿಬ್ಬಂದಿ, ಕೆಟ್ಟುಹೋಗುವ ಮಾಲಿನ ನಷ್ಟ ಇಷ್ಟನ್ನ ಸೇರಿಸಿ ಮಾರುವ ಬೆಲೆ ಕಟ್ಟುತ್ತಾರೆ. ಆ ಬೆಲೆ ಬೋರ್ಡಿನ ಮ್ಯಾಲೆ ಇರುತ್ತದೆ, ಪಟ್ಟಣದ ಎಲ್ಲಾ ಮಳಿಗೆಗೂ ಅದೇ ಬೆಲೆ. ದೊಡ್ಡ ಬಂಗಲೆಯವರು ಬಂದರೂ ಅದೇ, ಕೂಲಿ ಮಾಡೋರು ಬಂದರೂ ಅದೇ.

ದ್ರಾಕ್ಷಿ ಒಂದನ್ನೇ ನೆಚ್ಚಿದರೆ ಮಳಿಗೆ ವರ್ಷಕ್ಕೆ ಮೂರು ತಿಂಗಳು ಮಾತ್ರ ತೆರೀಬೇಕಾಗುತ್ತದೆ. ಹಿಂಗಾಗಿ ಕೆಲವೇ ವರ್ಷಗಳಲ್ಲಿ ಸಂಘ ಎಲ್ಲಾ ಹಣ್ಣು, ಎಲ್ಲಾ ಕಾಯಿಪಲ್ಯೆಗೂ ಕೈ ಹಾಕಿತು. 1980ರ ದಶಕದಲ್ಲಿ ಅದರ ಹೆಸರೂ ಬದಲಾಗಿ ತೋಟಗಾರಿಕಾ ಬೆಳೆಗಾರರ ಸಂಘ, ಅಂದರೆ ಇವತ್ತಿನ ಹಾಪ್‌ಕಾಮ್ಸ್ ಆಯಿತು. ಬೆಂಗಳೂರಿನಲ್ಲಿ ಉದ್ಯಾನದ ಮೂಲೆಗೆ, ಆಸ್ಪತ್ರೆ ಎದುರಿಗೆ, ಬಸ್ ನಿಲ್ದಾಣದ ಪಕ್ಕಕ್ಕೆ ಅದರ ಸಣ್ಣ ಮಳಿಗೆಗಳು ಬಂದವು. ದ್ರಾಕ್ಷಿ, ಮಾವಿನ ಹಂಗಾಮಿಗೆ ಮೇಳಗಳು ಶುರುವಾದವು. ಬೇರೆ ಜಿಲ್ಲೆಗಳಲ್ಲೂ ಇದೇ ಮಾದರಿಯ ಸಂಘಗಳು ಹುಟ್ಟಿದವು.

ಇದರ ದೊಡ್ಡ ಉಪಕಾರ ಬರೀ ಸದಸ್ಯರಿಗೆ ಆಗಲಿಲ್ಲ ಅನ್ನೋದನ್ನ ಗಮನಿಸಬೇಕು. ಪಟ್ಟಣದೊಳಗ ಒಂದು ಕಡೆ ಬೆಲೆ ಬೋರ್ಡ್ ತೂಗಿದರೆ, ಪಕ್ಕದ ಗಾಡಿಯವನೂ ಅದನ್ನ ನೋಡೇ ಬೆಲೆ ಹೇಳಬೇಕಾಗುತ್ತದೆ. ಅತ್ತ ಖರೀದಿ ಕೇಂದ್ರದ ಬೆಲೆ ಗೊತ್ತಿದ್ದ ರೈತ ಮಾರ್ಕೆಟ್ಟಿನಲ್ಲೂ ಗಟ್ಟಿಯಾಗಿ ಮಾತಾಡಬಹುದು. ಒಟ್ಟು ಮಾಲಿನ ಸಣ್ಣ ಪಾಲು ಮಾತ್ರ ಸಂಘದ ಮೂಲಕ ಹೋದರೂ ಅದರ ನೆರಳು ಇಡೀ ಪ್ಯಾಟಿ ಮ್ಯಾಲೆ ಬೀಳುತ್ತದೆ.

ಲಾಲ್‌ಬಾಗಿನಿಂದ ಮಲಪ್ರಭೆ ತನಕ

ಮರೀಗೌಡರು ಲಾಲ್‌ಬಾಗಿನಲ್ಲಿ ಸೂಪರಿಂಟೆಂಡೆಂಟ್ ಆದಾಗ ನಮ್ಮ ಜಿಲ್ಲೆ ಅವರ ರಾಜ್ಯದೊಳಗೇ ಇರಲಿಲ್ಲ. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಆಗ ಮುಂಬೈ ಪ್ರಾಂತದಲ್ಲಿದ್ದವು. 1956ರ ನವೆಂಬರ್ 1ಕ್ಕೆ ಏಕೀಕರಣ ಆದ ಮ್ಯಾಲೆ ನಾವು ಒಂದೇ ರಾಜ್ಯದವರಾದೆವು. 1963ರಲ್ಲಿ ತೋಟಗಾರಿಕೆಗೆ ಅಂತ ಬೇರೆಯೇ ಇಲಾಖೆ ಆಯಿತು, ಮರೀಗೌಡರು ಅದರ ನಿರ್ದೇಶಕರಾದರು. 1974ರ ತನಕ ಆ ಹುದ್ದೆಯಲ್ಲಿದ್ದರು. ಹಿಂಗ ಬನ್ನೂರಿನ ಒಕ್ಕಲು ಮನೆಯ ಮಗನ ಕೆಲಸ ಮಲಪ್ರಭೆ, ಘಟಪ್ರಭೆ ದಂಡೆಯ ತನಕ ಬಂದು ಮುಟ್ಟಿತು.

ಅದೇ ಹತ್ತು ಹನ್ನೆರಡು ವರ್ಷ ನಮ್ಮ ಸೀಮೆಯ ಒಕ್ಕಲುತನವೂ ಮಗ್ಗುಲು ಬದಲಿಸಿತು. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಡ್ಡಲಾಗಿ ಅಣೆಕಟ್ಟು ಏಳ್ತಾ ಇತ್ತು. ಬಾವಿಗೆ ಮೋಟಾರ್ ಬಂತು. ಜೋಳ, ಹತ್ತಿ, ಕಡ್ಲಿ ಬಿಟ್ಟರೆ ಬೇರೆ ಇಲ್ಲ ಅನ್ನುತ್ತಿದ್ದ ಹೊಲದಲ್ಲಿ ಕಬ್ಬು, ಉಳ್ಳಾಗಡ್ಡಿ, ಕಾಯಿಪಲ್ಯೆ ಕಾಣಲಿಕ್ಕೆ ಹತ್ತಿದವು. ಕಿತ್ತೂರು, ಧಾರವಾಡದ ಮಸಾರಿ ಕಡೆ ಆಪೂಸ್ ಮಾವು ಮೊದಲಿನಿಂದಲೂ ಹೆಸರು ಮಾಡಿತ್ತು. ಮುಂದೆ 1994ರಲ್ಲಿ ಗೋಕಾಕ ತಾಲೂಕಿನ ಅರಭಾವಿಯಲ್ಲಿ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಕಾಲೇಜು ಶುರುವಾಯಿತು, 2008ರಲ್ಲಿ ಬಾಗಲಕೋಟೆಗೆ ತೋಟಗಾರಿಕೆ ವಿಶ್ವವಿದ್ಯಾಲಯವೇ ಬಂತು. ತೋಟಗಾರಿಕೆ ಅಂದ್ರ ಶ್ರೀಮಂತರ ಹೂದೋಟದ ಶೋಕಿ ಅಲ್ಲ, ಅದು ಒಕ್ಕಲುತನದ ಒಂದು ದೊಡ್ಡ ಟೊಂಗೆ ಅಂತ ಸರಕಾರ ಒಪ್ಪಿಕೊಂಡ ದಿನ 1963. ಇವೆಲ್ಲಾ ಆ ಬೇರಿನಿಂದ ಬಂದ ಚಿಗುರು.

ನಿವೃತ್ತರಾದಾಗ ಮರೀಗೌಡರಿಗೆ 58 ವರ್ಷ. ಅವರು ತೀರಿಕೊಂಡು ಮೂರು ದಶಕ ದಾಟಿದೆ. ಲಾಲ್‌ಬಾಗಿನಲ್ಲಿ ಅವರ ಹೆಸರಿನ ಭವನ ಇದೆ. ಕರ್ನಾಟಕ ತೋಟಗಾರಿಕೆಯ ಪಿತಾಮಹ ಅಂತ ಇಲಾಖೆಯವರು ನೆನೆಯುತ್ತಾರೆ. ಅವರ ಹೆಸರಿನಲ್ಲಿ ಪ್ರಶಸ್ತಿಯೂ ಇದೆ.

ಎಲ್ಲಿ ಎಡವಿತು

ಹಿರಿಯರನ್ನ ನೆನೆಯುವಾಗ ಬರೀ ಹೊಗಳಿದರೆ ಅವರ ಕೆಲಸಕ್ಕೆ ಮರ್ಯಾದೆ ಆಗೋದಿಲ್ಲ. ಮರೀಗೌಡರು ಬಿತ್ತಿದ ಬೀಜ ಬೆಂಗಳೂರಿನಲ್ಲಿ ಮರ ಆಯಿತು, ಆದರೆ ಎಲ್ಲಾ ಜಿಲ್ಲೆಯಲ್ಲೂ ಅಷ್ಟು ಗಟ್ಟಿ ಆಗಲಿಲ್ಲ. ಕಾರಣ ಹುಡುಕಬೇಕಾದ್ದೇ.

ಮೊದಲನೆಯದು ಮಾಲಿನ ಗುಣ. ಹಾಲಿನ ಡೇರಿಯನ್ನೇ ನೋಡ್ರಿ. 1946ರಲ್ಲಿ ಗುಜರಾತಿನ ಆಣಂದದಲ್ಲಿ ಶುರುವಾದ ಹಾಲಿನ ಸಹಕಾರ ಇವತ್ತು ನಮ್ಮ ಹಳ್ಳಿಯಲ್ಲೂ ಎರಡು ಹೊತ್ತು ನಡೆಯುತ್ತದೆ. ಹಾಲು ದಿನಾ ಬರುತ್ತದೆ, ಫ್ಯಾಟ್ ಅಳೆಯಬಹುದು, ಕೂಡಿಸಿ ಕಾಯಿಸಿ ಪಾಕೀಟು ಮಾಡಬಹುದು, ಹೆಚ್ಚಾದರೆ ಪುಡಿ ಮಾಡಿ ಇಡಬಹುದು. ಟೊಮ್ಯಾಟೊ ಹಂಗಲ್ಲ. ಒಬ್ಬರ ಮಾಲು ಚಲೋ, ಒಬ್ಬರದು ಸಾಧಾರಣ, ಒಂದು ವಾರ ರಾಶಿ ರಾಶಿ, ಮತ್ತೊಂದು ವಾರ ಬೇಕಂದ್ರೂ ಇಲ್ಲ. ಹೆಚ್ಚಾದದ್ದನ್ನ ಇಡಲಿಕ್ಕೆ ತಂಪು ಕೋಣೆ ಇಲ್ಲದೇ ಹೋದರೆ ನಷ್ಟ ಸಂಘದ ತಲೆ ಮ್ಯಾಲೆ. ಮರೀಗೌಡರ ಸಂಘದ ಹೆಸರಿನಲ್ಲೇ ಮಾರಾಟದ ಜೊತೆ ಸಂಸ್ಕರಣ ಅನ್ನೋ ಮಾತಿತ್ತು. ಆ ಎರಡನೇ ಮಾತು ಬಹಳ ಕಡೆ ಬೋರ್ಡಿನ ಮ್ಯಾಲೇ ಉಳೀತು.

ಎರಡನೆಯದು ಸದಸ್ಯರ ನಿಷ್ಠೆ. ಮಾರ್ಕೆಟ್ಟಿನಲ್ಲಿ ಬೆಲೆ ಬಿದ್ದ ದಿನ ಎಲ್ಲರೂ ಸಂಘದ ಬಾಗಿಲಿಗೆ, ಬೆಲೆ ಏರಿದ ದಿನ ಎಲ್ಲರೂ ಅಡತಿ ಅಂಗಡಿಗೆ. ಹಿಂಗಾದರೆ ಯಾವ ಸಂಘ ನಿಂತೀತು? ಅಡತಿ ಅಂಗಡಿಗೆ ಹೋಗೋದಕ್ಕೂ ಕಾರಣ ಇದೆ. ಬಿತ್ತುವಾಗ, ಮಗಳ ಮದುವಿಗೆ, ದವಾಖಾನಿ ಖರ್ಚಿಗೆ ಅಡ್ವಾನ್ಸ್ ಕೊಡೋದು ಆ ಅಂಗಡಿಯೇ. ಸಾಲ ಅಲ್ಲಿದ್ದರೆ ಮಾಲೂ ಅಲ್ಲಿಗೇ ಹೋಗುತ್ತದೆ. ಪತ್ತಿನ ಸಂಘವೂ ಮಾರಾಟದ ಸಂಘವೂ ಒಂದೇ ಜೋಡೆತ್ತಿನಂಗ ನಡೆಯದೇ ಇದ್ದರೆ ನೊಗ ಒಂದು ಕಡೆ ವಾಲುತ್ತದೆ.

ಮೂರನೆಯದು ಕಾಲ. ದೊಡ್ಡ ಪಟ್ಟಣದಲ್ಲಿ ಸೂಪರ್ ಮಾರ್ಕೆಟ್ ಬಂತು, ಮೊಬೈಲಿನಲ್ಲಿ ಒತ್ತಿದರೆ ಮನೆಗೇ ಕಾಯಿಪಲ್ಯೆ ಬರುವ ಹಂಗಾಯಿತು. ಸಣ್ಣ ಮಳಿಗೆಯಲ್ಲಿ ಕುಂತ ಸಂಬಳದ ಮನುಷ್ಯಾ ಬಾಡಿದ ಸೊಪ್ಪಿಗೆ ನೀರು ಚಿಮುಕಿಸುವ ಅಕ್ಕರೆ ತೋರಿಸದೇ ಇದ್ದರೆ ಗ್ರಾಹಕ ಬರೋದಿಲ್ಲ. ಸಂತಿಯೊಳಗ ಕುಂತ ನಮ್ಮ ಅವ್ವಂದಿರಿಗೆ ಆ ಅಕ್ಕರೆ ಯಾರೂ ಕಲಿಸಬೇಕಾಗಿಲ್ಲ, ಯಾಕಂದ್ರ ಮಾಲು ಅವರದೇ.

ಬೇರೆ ರಾಜ್ಯಗಳು ಇದನ್ನ ಕಂಡು ಬೇರೆ ದಾರಿ ಹುಡುಕಿದವು. ಪಂಜಾಬಿನಲ್ಲಿ 1987ರಲ್ಲಿ ಅಪ್ನಿ ಮಂಡಿ, ಆಂಧ್ರದಲ್ಲಿ 1999ರಲ್ಲಿ ರೈತು ಬಜಾರ್, ಅದೇ ವರ್ಷ ತಮಿಳುನಾಡಿನಲ್ಲಿ ಉಳವರ್ ಸಂದೈ ಶುರುವಾದವು. ಮೂರರ ತಿರುಳೂ ಒಂದೇ: ಜಾಗ, ತಕ್ಕಡಿ, ಬೆಲೆ ಬೋರ್ಡು ಸರಕಾರದ್ದು, ಮಾರುವವರು ಮಾತ್ರ ಗುರುತಿನ ಚೀಟಿ ಇರುವ ರೈತರೇ. ಒಂದು ರೀತಿಯಲ್ಲಿ ಅದು ನಮ್ಮ ಹಳೇ ಸಂತಿಯೇ, ಚಂದಗೆ ಕಟ್ಟೆ ಕಟ್ಟಿದ ಸಂತಿ.

ಅಂಗಡಿಕಾರರಿಗೂ ಇದರಲ್ಲಿ ಪಾಲಿದೆ

ಈ ಕಥೆ ಕೇಳಿ ನಮ್ಮ ಊರಿನ ಅಂಗಡಿಕಾರರು ಬ್ಯಾಸರ ಮಾಡ್ಕೋಬೇಕಾಗಿಲ್ಲ. ನಡುವಿನವರು ಎಲ್ಲರೂ ಕೆಟ್ಟವರು ಅಂತ ಇದರ ಅರ್ಥ ಅಲ್ಲ. ನಸುಕಿನ ನಾಲ್ಕಕ್ಕೆ ಎದ್ದು ಮಾರ್ಕೆಟ್ಟಿಗೆ ಹೋಗಿ ಮಾಲು ತಂದು, ರಾತ್ರಿ ತನಕ ಕುಂತು, ಉಳಿದದ್ದು ಕೊಳೆತರೆ ನಷ್ಟ ತಿಂದು, ಗುರುತಿನವರಿಗೆ ಉದ್ರಿ ಕೊಟ್ಟು ವ್ಯಾಪಾರ ಮಾಡೋರ ಕಷ್ಟ ಕಷ್ಟವೇ. ಯಾರಾದರೂ ಆ ಕೆಲಸ ಮಾಡಲೇಬೇಕು. ಮರೀಗೌಡರ ಸಂಘವೂ ಅದೇ ಕೆಲಸಕ್ಕೆ ಗಾಡಿ, ಮಳಿಗೆ, ಆಳು ಇಟ್ಟುಕೊಂಡಿತು, ಅದರ ಖರ್ಚನ್ನ ಬೆಲೆಯಲ್ಲೇ ಹಿಡಿಯಿತು. ನಡುವಿನ ಕೆಲಸಕ್ಕೆ ಕೂಲಿ ಇದೆ. ಪ್ರಶ್ನೆ ಏನಂದ್ರ, ಆ ಕೂಲಿ ಎಷ್ಟು ಅನ್ನೋದು ಎಲ್ಲರಿಗೂ ಕಾಣೋ ಹಂಗ ಇದೆಯೋ ಇಲ್ಲವೋ.

ಲೆಕ್ಕಕ್ಕೆ ಒಂದು ಮಾತು. ಊರ ಹತ್ತಿರದ ತೋಟದ ರೈತನ ಬದನಿಕಾಯಿ ಬೆಳಗಾವಿಗೆ ಹೋಗಿ ಬರೋ ಬದಲು ನೇರವಾಗಿ ಊರಿನ ಅಂಗಡಿಗೆ ಬಂದರೆ ಎರಡು ಸಲದ ಬಾಡಿಗೆ, ಎರಡು ಸಲದ ಹಮಾಲಿ, ನಡುವಿನ ಅಡತಿ ಉಳಿಯುತ್ತದೆ. ಅದನ್ನ ಮೂರು ಪಾಲು ಮಾಡಿದರೆ ರೈತನಿಗೆ ಸ್ವಲ್ಪ ಹೆಚ್ಚು, ಗಿರಾಕಿಗೆ ಸ್ವಲ್ಪ ಕಡಿಮಿ, ಅಂಗಡಿಕಾರನಿಗೆ ತಾಜಾ ಮಾಲು ಮತ್ತು ಕಡಿಮಿ ಕೊಳೆತ. ಖಾನಾವಳಿ, ಹಾಸ್ಟೆಲ್, ಶಾಲೆಯ ಬಿಸಿಯೂಟ, ಮಠಗಳ ದಾಸೋಹ, ಮದುವಿ ಮನಿ ಇವೆಲ್ಲಾ ನಮ್ಮ ತಾಲೂಕುಗಳಲ್ಲೇ ಇರುವ ದೊಡ್ಡ ಗಿರಾಕಿಗಳು. ಇವರಿಗೆ ದಿನಕ್ಕೆ ಎಷ್ಟು ಬೇಕು ಅನ್ನೋದು ಮುಂಚೇ ಗೊತ್ತಿರುತ್ತದೆ. ಹತ್ತು ಮನೆಯ ರೈತರು ಕೂಡಿ, ಒಬ್ಬರು ಮೆಂತೆ ಒಬ್ಬರು ಟೊಮ್ಯಾಟೊ ಅಂತ ಪಾಳಿ ಹಚ್ಚಿ ಬಿತ್ತಿದರೆ ಒಂದೇ ವಾರ ರಾಶಿ ಬೀಳೋದು ತಪ್ಪುತ್ತದೆ.

ಇದಕ್ಕೆ ಹಾರ್ವರ್ಡ್ ಡಾಕ್ಟರೇಟ್ ಬೇಕಾಗಿಲ್ಲ. ಒಂದು ಸರಿಯಾದ ತಕ್ಕಡಿ, ಎಲ್ಲರಿಗೂ ಕಾಣೋ ಒಂದು ಬೆಲೆ ಬೋರ್ಡು, ಮಾಲು ಇಳಿಸಿದ ದಿನವೇ ಕೈಗೆ ರೊಕ್ಕ ಇಷ್ಟು ಸಾಕು. ಲಾಲ್‌ಬಾಗಿನ ಅಷ್ಟು ದೊಡ್ಡ ಅಧಿಕಾರಿ ಕೊನೆಗೆ ಕಟ್ಟಿದ್ದೂ ಇದನ್ನೇ.

ತೋಟಗಾರಿಕೆ ದಿನಕ್ಕೆ ಸಾಮಾನ್ಯವಾಗಿ ಒಂದು ಸಸಿ ನೆಟ್ಟು, ಫೋಟೋ ತೆಗೆಸಿಕೊಳ್ಳೋದು ನಡೆಯುತ್ತದೆ. ನೆಡಲಿ, ತಪ್ಪಿಲ್ಲ. ಅದರ ಜೊತೆ ಇನ್ನೊಂದು ಕೆಲಸ ಆಗಲಿ. ಸಂತಿ ಕಟ್ಟೆಗೆ ಹೊಂದಿ ಒಂದು ಬೋರ್ಡ್ ಹಾಕಿ, ಆ ದಿನ ಬೆಳಗಾವಿ ಮಾರ್ಕೆಟ್ಟಿನ ಸಗಟು ಧಾರಣೆ ಬರೆದರೆ ಸಾಕು. ಗ್ರಾಮ ಪಂಚಾಯಿತಿಗೋ ಸೊಸಾಯ್ಟಿಗೋ ಅದು ಸುಣ್ಣದ ಕಡ್ಡಿಯ ಖರ್ಚು. ಬುಟ್ಟಿ ಹೊತ್ತು ಬಂದವಳಿಗೂ ಚೀಲ ಹಿಡಿದು ಬಂದವರಿಗೂ ಅವತ್ತು ಒಂದೇ ಲೆಕ್ಕ ಕಾಣುತ್ತದೆ.